ಹಿಂದಿನ ಸ್ಪೀಕರ್‌ಗಳಿಗೆ ವೈರ್ ಉದ್ದ ಮಾಡುವ ಕೆಲಸ: ಇಲ್ಲಿಯವರೆಗೆ ಆಗಿದ್ದು

ಹಾಲ್‌ನಲ್ಲಿ ಸೋಫಾದ ಜಾಗ ಬದಲಾಯಿತು. ಹಾಗಾಗಿ ಎರಡು ಸರೌಂಡ್ ಸ್ಪೀಕರ್‌ಗಳೂ ಹಿಂದಿನ ಗೋಡೆಗೆ ಹೋಗಬೇಕು. ನಮ್ಮದು ಹಳೆಯ 5.1 ಸೆಟ್, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್. ಅದರ ಜೊತೆ ಬಂದ ಕೂದಲೆಳೆ ವೈರ್ ಅಲ್ಲಿಯವರೆಗೆ ಮುಟ್ಟುವುದಿಲ್ಲ. ವೈರ್ ತುದಿಗೆ ಬಣ್ಣದ ಪ್ಲಾಸ್ಟಿಕ್ ಪ್ಲಗ್ ಬೇರೆ ಇದೆ, ಹೊಸ ವೈರ್ ತಂದು ಸುಮ್ನೆ ಚುಚ್ಚುವ ಹಾಗಿಲ್ಲ. ಅದಕ್ಕೇ ಹಳೆಯ ವೈರನ್ನು ಕತ್ತರಿಸಿ, ಎರಡೂ ತುದಿಯಲ್ಲಿ ಒಂದೊಂದು ಅಡಿ ಉಳಿಸಿಕೊಂಡು, ಮಧ್ಯಕ್ಕೆ ದಪ್ಪ ವೈರ್ ಸೇರಿಸುವುದು ಅಂತ ತೀರ್ಮಾನ.

ಅಳತೆ ಮತ್ತು ಲೆಕ್ಕ

ಟೇಪನ್ನು ನೇರ ಹಿಡಿದರೆ ಸಾಲದು, ವೈರ್ ಹೋಗುವ ದಾರಿಯನ್ನೇ ಅಳೆಯಬೇಕು. ಬಾಗಿಲ ಚೌಕಟ್ಟು ಹತ್ತಿ ಇಳಿಯುವುದರಲ್ಲೇ ನಾಲ್ಕು ಮೀಟರ್‌ಗಿಂತ ಜಾಸ್ತಿ ಹೋಯಿತು. ಬಲಗಡೆಗೆ 11 ಮೀಟರ್, ಎಡಗಡೆಗೆ 6 ಮೀಟರ್.

ಸ್ಪೀಕರ್ ಹಿಂದೆ 4 ಓಮ್ ಅಂತ ಬರೆದಿದೆ. ವೈರ್‌ನ ಒಟ್ಟು ರೆಸಿಸ್ಟೆನ್ಸ್ (ಕರೆಂಟ್‌ಗೆ ಒಡ್ಡುವ ಅಡ್ಡಿ, ಓಮ್‌ನಲ್ಲಿ ಅಳೆಯುತ್ತಾರೆ) ಸ್ಪೀಕರ್ ಓಮ್‌ನ ಶೇಕಡ 5 ದಾಟಬಾರದು ಅನ್ನುವುದು ಸಾಮಾನ್ಯವಾಗಿ ಬಳಸುವ ಲೆಕ್ಕ. ಅಂದರೆ ನಮಗೆ 0.2 ಓಮ್. 8 ಓಮ್ ಸ್ಪೀಕರ್ ಆಗಿದ್ದರೆ 0.4ರವರೆಗೆ ಸಲೀಸಾಗಿ ಇರಬಹುದಿತ್ತು. ಕರೆಂಟ್ ಹೋಗಿ ವಾಪಸ್ ಬರಬೇಕು ಅಲ್ವಾ, ಹಾಗಾಗಿ 11 ಮೀಟರ್ ಅಂದರೆ 22 ಮೀಟರ್ ತಾಮ್ರ.

ಅಂಗಡಿಯಲ್ಲಿ ವೈರ್ ಕೇಳುವುದು 14/76, 23/76, 40/76 ಅಂತ. ಮೊದಲನೆಯದು ಎಳೆಗಳ ಸಂಖ್ಯೆ. 76 ಅಂದರೆ ಒಂದೊಂದು ಎಳೆಯ ದಪ್ಪ 0.0076 ಇಂಚು, ಸುಮಾರು 0.19 ಮಿಲಿಮೀಟರ್. ಅದೇ ಎಳೆ ಗೇಜ್ ಲೆಕ್ಕದಲ್ಲಿ 36, ಹಾಗಾಗಿ ಕೆಲವರು 40/36 ಅಂತಾರೆ. ಎರಡೂ ಒಂದೇ. 14/76ನಲ್ಲಿ ತಾಮ್ರ ಬರೀ 0.41 ಸ್ಕ್ವೇರ್ ಎಂಎಂ. ನನ್ನ 22 ಮೀಟರ್‌ಗೆ ಅದು 0.9 ಓಮ್ ಆಗುತ್ತದೆ, ದಂಡ. 40/76 ಅಂದರೆ ಸುಮಾರು 1.17 ಸ್ಕ್ವೇರ್ ಎಂಎಂ, 0.32 ಓಮ್. 2.5 ಸ್ಕ್ವೇರ್ ಎಂಎಂ ಹಾಕಿದರೆ 0.15. ತುದಿಗಳಲ್ಲಿ ಉಳಿಸಿಕೊಂಡ ಹಳೆಯ ವೈರ್ 14/76ರಷ್ಟೇ ತೆಳು. ಅದರದ್ದು 0.05 ಸೇರಿ ಸರಿಯಾಗಿ 0.2ಕ್ಕೆ ಬಂದು ನಿಲ್ಲುತ್ತದೆ.

ನಿಜ ಹೇಳಬೇಕೆಂದರೆ 40/76 ಹಾಕಿದ್ದರೂ ಸರೌಂಡ್‌ನಲ್ಲಿ ವ್ಯತ್ಯಾಸ ಕಿವಿಗೆ ಬೀಳುವುದು ಕಷ್ಟ. ಮುಕ್ಕಾಲು ಡೆಸಿಬೆಲ್ ಕಮ್ಮಿಯಾದರೆ ರಿಸೀವರ್‌ನಲ್ಲಿ (ಆಂಪ್ಲಿಫೈಯರ್ ಇರುವ ಪೆಟ್ಟಿಗೆ) ಅಷ್ಟು ಏರಿಸಿಕೊಂಡರೆ ಮುಗಿಯಿತು. ಆದರೆ ಒಂದು ಸಲ ಗೋಡೆಗೆ ಹೊಡೆದ ಮೇಲೆ ಮತ್ತೆ ಬಿಚ್ಚುವ ಆಸೆ ನನಗಿಲ್ಲ.

ಎಸ್‌ಪಿ ರೋಡ್

ಬೆಂಗಳೂರಿನ ಈ ಎಲೆಕ್ಟ್ರಾನಿಕ್ಸ್ ಅಂಗಡಿ ಬೀದಿಯಲ್ಲಿ 2.5 ಸ್ಕ್ವೇರ್ ಎಂಎಂನ ಕೆಂಪು-ಕಪ್ಪು ಜೋಡಿ ವೈರ್ ತೆಗೆದುಕೊಂಡೆ, ಪ್ಲಸ್-ಮೈನಸ್ ಹುಡುಕುವ ಗೋಳಿಲ್ಲ. "ಆಕ್ಸಿಜನ್ ಫ್ರೀ ಇದೆ ಸಾರ್, ಸೌಂಡ್ ಬೇರೇನೇ ಬರುತ್ತೆ" ಅಂತ ಅಂಗಡಿಯವರು ಮೂರು ಪಟ್ಟು ಬೆಲೆಯದನ್ನು ತೋರಿಸಿದರು. ಬೇಡ ಅಂದೆ. ಅದಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು ಅದು ಪೂರ್ತಿ ತಾಮ್ರವೋ, ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದ್ದೋ ಅನ್ನುವುದು. ತುಂಡು ಕೇಳಿ, ಬ್ಲೇಡಿನಲ್ಲಿ ಒಂದು ಎಳೆ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಮೇಲೆ ಬೆಳ್ಳಗಿದ್ದು ಒಳಗೆ ಕೆಂಪಗಿದ್ದರೆ ಚಿಂತೆ ಇಲ್ಲ, ಅದು ತವರ ಹಚ್ಚಿದ ತಾಮ್ರ. ಅಲ್ಯೂಮಿನಿಯಂನಲ್ಲಿ ಕರೆಂಟ್ ಹರಿಯುವುದು ತಾಮ್ರದ ಶೇಕಡ 60ರಷ್ಟು ಮಾತ್ರ. ದಪ್ಪ ನೋಡಿ ಕೊಂಡರೆ ನಮ್ಮ ಲೆಕ್ಕವೆಲ್ಲ ತಲೆಕೆಳಗು.

ಜಾಯಿಂಟ್

ಈ ಕೆಲಸದ ಪ್ರಾಣ ಇದರಲ್ಲೇ ಇರುವುದು. ತಿರುಚಿ ಟೇಪ್ ಸುತ್ತಿದರೆ ಮೊದಲ ವಾರ ಚೆನ್ನಾಗಿಯೇ ಇರುತ್ತದೆ. ಬೇಸಿಗೆ ಬಂತೆಂದರೆ ಟೇಪಿನ ಅಂಟು ಕರಗಿ ಜಾರುತ್ತದೆ, ತಾಮ್ರ ಕಪ್ಪಾಗುತ್ತದೆ, ಆಮೇಲೆ ಕರಕರ ಸದ್ದು. ಪ್ಲಸ್ಸೂ ಮೈನಸ್ಸೂ ತಗುಲಿಬಿಟ್ಟರೆ ಆಂಪ್ಲಿಫೈಯರ್‌ಗೇ ಕುತ್ತು.

ಸಾಲ್ಡರ್ ಮಾಡಿದೆ. 2.5ರ ವೈರ್‌ಗೆ 25 ವ್ಯಾಟ್ ಐರನ್ ಸಾಲದು. ಶಾಖವೆಲ್ಲ ತಾಮ್ರವೇ ಹೀರಿಕೊಳ್ಳುತ್ತದೆ, ಸಾಲ್ಡರ್ ಹರಿಯುವಷ್ಟರಲ್ಲಿ ಪ್ಲಾಸ್ಟಿಕ್ ಕರಗಿರುತ್ತದೆ. ಗೆಳೆಯನ 60 ವ್ಯಾಟಿನದನ್ನು ತಂದುಕೊಂಡೆ. ಮೊದಲು ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ತೂರಿಸಿ ದೂರಕ್ಕೆ ಸರಿಸಿಟ್ಟುಕೊಂಡೆ. ದಪ್ಪ ವೈರನ್ನು ಎರಡು ಸೆಂಟಿಮೀಟರ್ ಸುಲಿದು, ತೆಳು ವೈರನ್ನು ಅದರ ಸುತ್ತ ಬಿಗಿಯಾಗಿ ಸುತ್ತಿ, ಆಮೇಲೆ ಬೆಸುಗೆ. ಕೆಂಪು ಜಾಯಿಂಟ್ ಒಂದು ಕಡೆ ಬಂದರೆ ಕಪ್ಪು ಜಾಯಿಂಟ್ ಎರಡು ಬೆರಳು ಆಚೆ ಬರುವ ಹಾಗೆ ಕತ್ತರಿಸಿಕೊಂಡೆ. ಸ್ಲೀವ್ ಹರಿದರೂ ಒಂದಕ್ಕೊಂದು ತಾಗುವುದಿಲ್ಲ. ಸಾಲ್ಡರಿಂಗ್ ಬಾರದವರು ಲಿವರ್ ಇರುವ ಕನೆಕ್ಟರ್ ಹಾಕಬಹುದು, ಅದೂ ಗಟ್ಟಿಯೇ. ಸ್ವಲ್ಪ ಉಬ್ಬಿಕೊಂಡು ಕಾಣುತ್ತದೆ ಅಷ್ಟೇ.

ಆಂಪ್ಲಿಫೈಯರ್‌ಗೆ ಚುಚ್ಚುವ ಮುಂಚೆ ಎರಡು ಪರೀಕ್ಷೆ. ಸ್ಪೀಕರ್ ಬಿಚ್ಚಿಟ್ಟು ಮಲ್ಟಿಮೀಟರ್ ಹಿಡಿದಾಗ ಕೆಂಪಿಗೂ ಕಪ್ಪಿಗೂ ಸಂಪರ್ಕ ಇರಬಾರದು. ಆಮೇಲೆ ಸ್ಪೀಕರ್ ಸೇರಿಸಿ, ಆಚೆ ತುದಿಗೆ 1.5 ವೋಲ್ಟ್ ಬ್ಯಾಟರಿಯನ್ನು ಕ್ಷಣಮಾತ್ರ ಮುಟ್ಟಿಸಬೇಕು. ಪ್ಲಸ್‌ಗೆ ಪ್ಲಸ್ ಕೊಟ್ಟಾಗ ಕೋನ್ (ಸ್ಪೀಕರ್ ಮುಂದೆ ಅದುರುವ ಬಟ್ಟಲಿನಂಥ ಭಾಗ) ಮುಂದಕ್ಕೆ ಬಂದರೆ ಸರಿ. ಒಂದು ಸ್ಪೀಕರ್ ಉಲ್ಟಾ ಆದರೆ ಕೆಡುವುದೇನೂ ಇಲ್ಲ, ಬೇಸ್ ಮಾತ್ರ ಮಾಯವಾಗುತ್ತದೆ.

ಈಗ

ಬಲಗಡೆಯದು ಆಯಿತು, ಹಾಡುತ್ತಿದೆ. "ಗೋಡೆ ಮೇಲೆ ಕೇರೆಹಾವು ಹರಿದ ಹಾಗಿದೆ ಕಣೋ" ಅಂತ ಅಮ್ಮನ ತಕರಾರು, ಅದಕ್ಕೆ ಬಿಳಿ ಕೇಸಿಂಗ್ ಪಟ್ಟಿ ತಂದಿದ್ದೇನೆ. ಗೋಡೆಯೊಳಗಿನ ಪೈಪಿನಲ್ಲೇ ತೂರಿಸಿ ಅಂತ ಎಲೆಕ್ಟ್ರಿಷಿಯನ್ ಹೇಳಿದ್ದರು. ಅದರಲ್ಲಿ 230 ವೋಲ್ಟ್ ಲೈನ್ ಇದೆ, ಒಪ್ಪಲಿಲ್ಲ. ಸ್ವಿಚ್‌ಬೋರ್ಡ್ ಹತ್ತಿರ ಅರ್ಧ ಅಡಿ ಬಿಟ್ಟು ಹೋಗುತ್ತೇನೆ.

ಒಂದು ವೈರ್ 11, ಇನ್ನೊಂದು 6 ಮೀಟರ್ ಆದರೆ ಶಬ್ದ ಹಿಂದೆಮುಂದೆ ಆಗಲ್ವಾ ಅಂತ ಗೆಳೆಯ ಕೇಳಿದ. ಇಲ್ಲ. ತಾಮ್ರದಲ್ಲಿ ಆ ಐದು ಮೀಟರ್ ಲೆಕ್ಕಕ್ಕೇ ಇಲ್ಲ. ಗಾಳಿಯಲ್ಲಿ ಶಬ್ದಕ್ಕೆ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ರಿಸೀವರ್‌ನಲ್ಲಿ ದೂರ ಕೇಳಿದಾಗ ಕೂರುವ ಜಾಗದಿಂದ ಸ್ಪೀಕರ್‌ವರೆಗಿನ ದೂರ ಕೊಡಬೇಕು, ವೈರಿನ ಉದ್ದವನ್ನಲ್ಲ.

ಎಡಗಡೆಯ ಜಾಯಿಂಟ್ ಬಾಕಿ ಇದೆ. ಅದಾದ ಮೇಲೆ ಟೆಸ್ಟ್ ಟೋನ್ ಹಾಕಿ ಐದೂ ಸ್ಪೀಕರ್‌ಗಳ ಲೆವೆಲ್ ಹೊಸದಾಗಿ ಹೊಂದಿಸಬೇಕು.