ಸನಿಕೆ ಕೈಲೇ ಇತ್ತಾ, ಮನೆಯಿಂದ ತಂದ್ನಾ?

ಲಾ ಕೊನೇ ವರ್ಷದಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಒಬ್ರ ಹತ್ರ ಇಂಟರ್ನ್‌ಶಿಪ್ ಮಾಡ್ತಿದ್ದೆ, ಆಗ ಸೆಷನ್ಸ್ ಕೋರ್ಟಲ್ಲಿ ನೋಡಿದ ಕೇಸಿದು. ದಾಯಾದಿಗಳು, ಗದ್ದೆಗೆ ನೀರು ಬಿಡೋ ಸರದಿ ವಿಷ್ಯಕ್ಕೆ ಮಾತಿಗೆ ಮಾತು ಬೆಳೆದು ಒಬ್ಬ ಸನಿಕೇಲಿ ತಲೆಗೆ ಹೊಡೆದ, ಇನ್ನೊಬ್ಬ ಮಾರನೇ ದಿನ ಆಸ್ಪತ್ರೇಲಿ ತೀರ್ಕೊಂಡ. ಹೊಡೆದಿದ್ದನ್ನ ಆರೋಪಿ ಕಡೆ ಲಾಯರೂ ಇಲ್ಲ ಅನ್ಲಿಲ್ಲ. ಇಡೀ ಕೇಸು ನಿಂತಿದ್ದು ಹೊಡೆಯೋವಾಗ ಅವನ ಮನಸ್ಸಲ್ಲಿ ಏನಿತ್ತು ಅನ್ನೋದ್ರ ಮೇಲೆ.

ಘಟನೆ 2024ರ ಜುಲೈ 1ಕ್ಕೆ ಮುಂಚಿಂದು, ಹಾಗಾಗಿ ಆವತ್ತಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅಲ್ಲ, ಅದಕ್ಕೂ ಮುಂಚಿದ್ದ ಭಾರತೀಯ ದಂಡ ಸಂಹಿತೆ, ಅಂದ್ರೆ ಹಳೇ ಐಪಿಸಿನೇ. ಕಲಂ 302, ಅಂದ್ರೆ ಕೊಲೆ ಆದ್ರೆ ಗಲ್ಲು ಇಲ್ಲಾ ಜೀವಾವಧಿ, 304ರ ಎರಡನೇ ಭಾಗ, ಅಂದ್ರೆ ಸಾಯ್ಬಹುದು ಅಂತ ಗೊತ್ತಿದ್ರೂ ಕೊಲ್ಲೋ ಉದ್ದೇಶ ಇಲ್ದೆ ಆದ ಸಾವು ಆದ್ರೆ ಹೆಚ್ಚಂದ್ರೆ 10 ವರ್ಷ. ಏಟು ಅದೇ, ಸಾವೂ ಅದೇ!

ನಮ್ಮ ಸರ್ ನಂಬ್ಕೊಂಡಿದ್ದು 1958ರ ವಿರ್ಸಾ ಸಿಂಗ್ ತೀರ್ಪನ್ನ. ಅಲ್ಲೂ ಭರ್ಜಿಯ ಒಂದೇ ತಿವಿತ. ಕೊಲ್ಲಬೇಕು ಅಂತಲೇ ಇರ್ಬೇಕಿಲ್ಲ, ಆ ಗಾಯ ಮಾಡಬೇಕು ಅಂತಿದ್ದು, ಸಾಮಾನ್ಯವಾಗಿ ಸಾಯೋಕೆ ಆ ಗಾಯ ಸಾಕು ಅಂತಾದ್ರೆ ಅದು ಕೊಲೆನೇ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ನಂಗೂ ಇಷ್ಟಕ್ಕೇ ಮುಗೀತು ಅನ್ಸಿತ್ತು, ಆಮೇಲೆ ಸಾಕ್ಷಿಯಾಗಿ ಬಂದಿದ್ದ ಪಕ್ಕದ ಗದ್ದೆಯವ್ರಿಗೆ ಆರೋಪಿ ಲಾಯರ ಪಾಟೀಸವಾಲು ಶುರುವಾಯ್ತು.

"ಗಲಾಟೆಗೆ ಮುಂಚೆ ಇವ್ನು ಏನ್ ಮಾಡ್ತಿದ್ದ?"

"ನೀರು ಕಟ್ತಿದ್ದ ಸ್ವಾಮಿ."

"ಸನಿಕೆ?"

"ಕೈಲೇ ಇತ್ತು."

"ಸತ್ತೋರ ಕೈಲಿ?"

"ದೊಣ್ಣೆ ಇತ್ತು."

"ಎಷ್ಟು ಏಟು?"

"ಒಂದೇಯ. ಆಮೇಲೆ ಇವ್ನೇ ಎತ್ಕೊಂಡು ಆಟೋಗೆ ಹಾಕ್ದ."

ಮಹಜರಲ್ಲೂ ಸನಿಕೆಗೆ ಗದ್ದೆ ಕೆಸರು ಮೆತ್ಕೊಂಡಿತ್ತು ಅಂತ ಬರ್ದಿದ್ರು, ಪೊಲೀಸ್ರು ಬರೆಯೋವಾಗ ಅದು ಆರೋಪಿ ಪರ ಹೋಗುತ್ತೆ ಅಂತ ಅಂದ್ಕೊಂಡಿರ್ಲಿಕ್ಕಿಲ್ಲ. ಮನಸ್ಸನ್ನ ಬಿಚ್ಚಿ ನೋಡೋಕೆ ಯಾರಿಂದಾನೂ ಆಗಲ್ಲ, ಆಯುಧ ಎಲ್ಲಿಂದ ಬಂತು, ಎಲ್ಲಿಗೆ ಬಿತ್ತು, ಎಷ್ಟು ಸಲ ಬಿತ್ತು, ಹೊಡೆದಾದ್ಮೇಲೆ ಓಡಿಹೋದ್ನಾ ನಿಂತ್ಕೊಂಡ್ನಾ, ಇದನ್ನೆಲ್ಲ ಸೇರಿಸಿಯೇ ಕೋರ್ಟು ಓದ್ಬೇಕು. ಅವನು ಮನೆಗೆ ಹೋಗಿ ಮಚ್ಚು ತಂದಿದ್ರೆ ಕಥೆನೇ ಬೇರೆ ಇರ್ತಿತ್ತು.

ತೀರ್ಪು ಬಂತು, ಕೊಲೆ ಅಂದ್ರೇನು ಅಂತ ಹೇಳೋ ಕಲಂ 300ರ ನಾಲ್ಕನೇ ಅಪವಾದ, ಮುಂಚೆ ಯೋಚ್ನೆ ಮಾಡ್ದೆ ದಿಢೀರ್ ಜಗಳದಲ್ಲಿ ಆಗಿದ್ದು, 304ರ ಎರಡನೇ ಭಾಗ. ಹೊರಗೆ ಸತ್ತವರ ಹೆಂಡ್ತಿ ನನ್ನ ತಡೆದು, "ಬೇಕಂತ ಹೊಡೆದ್ನೋ ಬ್ಯಾಡಂತ ಹೊಡೆದ್ನೋ, ನಮ್ಮೆಜಮಾನ್ರು ಎದ್ ಬತ್ತಾರೇನಪ್ಪಾ?" ಅಂದ್ರು. ತೀರ್ಪು ಸರಿ ಅಂತ ನಾನು ಈಗ್ಲೂ ನಂಬ್ತೀನಿ, ಸಿಟ್ಟಲ್ಲಿ ಕೈ ಮಾಡಿದವನ್ನೂ ಸ್ಕೆಚ್ ಹಾಕಿ ಕೊಂದವನ್ನೂ ಒಂದೇ ತಕ್ಕಡೀಲಿ ತೂಗೋದು ಅನ್ಯಾಯ, ಆದ್ರೆ ಇದನ್ನ ಆ ಅಕ್ಕಂಗೆ ಅರ್ಥ ಆಗೋ ಹಾಗೆ ಕೂರಿಸ್ಕೊಂಡು ಹೇಳೋರು ಇಡೀ ಕೋರ್ಟಲ್ಲಿ ಯಾರೂ ಇರ್ಲಿಲ್ಲ ನೋಡಿ, ಅದು ನಂಗೆ ತುಂಬಾ ಸಂಕಟ ಆಯ್ತು. ತೀರ್ಪಿನ ಕೊನೇಲಿ ಪರಿಹಾರಕ್ಕೆ ಶಿಫಾರಸು ಮಾಡಿದ್ದೂ ಅವ್ರಿಗೆ ಗೊತ್ತಿರ್ಲಿಲ್ಲ. ಊಟದ ಟೈಮಲ್ಲಿ ಅವ್ರನ್ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರ್ಕೊಂಡೋಗಿ ಅರ್ಜಿ ಬರೆಸಿ ಕೊಟ್ವಿ.