ಜನವರಿಯ ಬೀದರ್: ಒಂದು ಸ್ವೆಟರ್ ಸಾಲಲ್ಲ

ಬೀದರ್ ಅಂದ್ರೆ ಬಿಸಿಲು ಅಂತಲೇ ಬೆಂಗಳೂರಿನ ನಾವು ತಿಳಿದಿರುತ್ತೇವೆ, ಅಲ್ವಾ? ನಾನೂ ಹಾಗೇ ತಿಳಿದು ತೆಳು ಹತ್ತಿ ಬಟ್ಟೆ, ಒಂದೇ ಸ್ವೆಟರ್ ಹಾಕಿಕೊಂಡು ಜನವರಿ ಎರಡನೇ ವಾರ ಹೊರಟೆ. ರಾತ್ರಿ ಬಸ್ಸಿನಲ್ಲಿ ನನ್ನ ಕಿಟಕಿಯ ಚಿಲಕ ಮುರಿದಿತ್ತು. ಕಲಬುರಗಿ ದಾಟಿದ ಮೇಲೆ ಗಾಜು ತಾನಾಗೇ ಜಾರುತ್ತಿತ್ತು, ಗಾಳಿ ನೇರ ಕಿವಿಗೆ. ಹುಮನಾಬಾದ್ ಬರುವ ಹೊತ್ತಿಗೆ ಬೆರಳು ಮಡಚಲು ಆಗುತ್ತಿರಲಿಲ್ಲ. ಹತ್ತಿದ ಕೂಡಲೇ ಕಿಟಕಿ ಎಳೆದು ನೋಡಿ. ಸರಿ ಇಲ್ಲದಿದ್ದರೆ ಆಗಲೇ ಸೀಟು ಬದಲಿಸಿಕೊಳ್ಳಿ.

5:30ಕ್ಕೆ ಇಳಿದೆ. ಟೀ ಅಂಗಡಿಯವರು ಟಯರಿನ ಚೂರು, ಕಡ್ಡಿ ಹಾಕಿ ಬೆಂಕಿ ಮಾಡಿದ್ದರು. ಸುತ್ತ ನಿಂತವರೆಲ್ಲ ಕಿವಿ ಮುಚ್ಚಿ ಮಫ್ಲರ್ ಸುತ್ತಿದ್ದರು. "ಥಂಡಿ ಭಾಳ ಅದರೀ" ಅಂತ ಒಬ್ಬರು ಸರಿದು ನನಗೂ ಜಾಗ ಕೊಟ್ಟರು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ 6:50ರ ಸುಮಾರಿಗೆ, ಆಮೇಲೂ ಒಂದು ಗಂಟೆ ಬಿಸಿಲಿಗೆ ಬಲ ಇರಲ್ಲ. ಬೆಳಗಿನ ಜಾವ ತಲುಪುವ ಗಾಡಿ ಬೇಡ, 8ರ ನಂತರ ತಲುಪುವಂತೆ ನೋಡಿಕೊಳ್ಳಿ.

ಚಳಿಗೆ ಕಾರಣ ಸರಳ. ಊರು ಸಮುದ್ರದಿಂದ ಬಹಳ ದೂರ, ದಖ್ಖನ್ ಪ್ರಸ್ಥಭೂಮಿಯ ಮೇಲೆ. ಈ ತಿಂಗಳು ಆಕಾಶ ತಿಳಿ, ಗಾಳಿ ಒಣ. ಹಗಲು ನೆಲ ಹೀರಿದ ಕಾವು ರಾತ್ರಿ ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ. ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ, ಮಧ್ಯಾಹ್ನ ಮಾತ್ರ 28ರ ಹತ್ತಿರ. ಮೋಡ ಕವಿದ ರಾತ್ರಿ ಅಷ್ಟು ಚಳಿ ಇರಲ್ಲ. ಸಂಜೆ ನಕ್ಷತ್ರ ಚೆನ್ನಾಗಿ ಕಂಡರೆ ಮಲಗುವ ಮುಂಚೆಯೇ ಇನ್ನೊಂದು ರಗ್ಗು ಕೇಳಿ ಇಟ್ಟುಕೊಳ್ಳಿ.

ರಗ್ಗಿನ ಮಾತಿಗೆ ಬಂದರೆ, ನನಗೆ ಮೋಸವಾದದ್ದು ರೂಮಿನಲ್ಲಿ. 1,800 ರೂಪಾಯಿ, "24 ಗಂಟೆ ಬಿಸಿನೀರು" ಅಂದಿದ್ದರು. ಇದ್ದದ್ದು ಸೋಲಾರ್. ಬೆಳಗ್ಗೆ ನಲ್ಲಿ ತಿರುಗಿಸಿದರೆ ಮಂಜುಗಡ್ಡೆಯಂಥ ನೀರು, 11ರ ಮೇಲೆ ಉಗುರು ಬೆಚ್ಚಗೆ. ಎರಡನೇ ರಗ್ಗಿಗೆ 100 ರೂಪಾಯಿ ಬೇರೆ. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿತ್ತು, ಒಡೆದ ತುಟಿಗೆ ಹಚ್ಚಲು ಕಡ್ಡಿಯಲ್ಲಿ ಕೆರೆದು ತೆಗೆದೆ. ದುಡ್ಡು ಕೊಡುವ ಮುಂಚೆ ಗೀಸರ್ ಇದೆಯಾ ಅಂತ ಕಣ್ಣಾರೆ ನೋಡಿ, ಸ್ವಿಚ್ ಹಾಕಿಸಿ.

ಆ ಬೇಜಾರನ್ನೆಲ್ಲ ಮರೆಸಿದ್ದು ಕೋಟೆ ಕಡೆ ಹೋಗುವ ದಾರಿಯಲ್ಲಿ ಸಿಕ್ಕ ಪುಟ್ಟ ಖಾನಾವಳಿ. ನಾಲ್ಕೇ ಬೆಂಚು. ಒಲೆ ಬಾಗಿಲ ಪಕ್ಕದಲ್ಲೇ, ಹಾಗಾಗಿ ಒಳಗೆ ಕೂತರೆ ಬೆಚ್ಚಗೆ. ಅಮ್ಮ ಜೋಳದ ರೊಟ್ಟಿ ತಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಕೆಂಡದ ಮುಂದೆ ನಿಲ್ಲಿಸುತ್ತಿದ್ದರು. ಉಬ್ಬಿದ ರೊಟ್ಟಿ ಅಲ್ಲಿಂದ ನೇರ ತಟ್ಟೆಗೆ. ಜೊತೆಗೆ ಕಡಲೆ ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎಳೇ ಕಡಲೆ ಸೊಪ್ಪು ಚಳಿಗಾಲದಲ್ಲಿ ಮಾತ್ರ ಸಿಗುವುದು, ಅದರ ಸಣ್ಣ ಹುಳಿ ನಾಲಿಗೆ ಬಿಡಲ್ಲ. 70 ರೂಪಾಯಿಗೆ ಹೊಟ್ಟೆ ತುಂಬ. ಮೂರು ಹೊತ್ತು ಅಲ್ಲೇ ಉಂಡೆ. ಹೊಲದ ಕಡೆ ಹೋದರೆ ಸೀತನಿ ಕೇಳಿ. ಹಾಲುಗಾಳಿನ ಜೋಳದ ತೆನೆ ಕೆಂಡದಲ್ಲಿ ಸುಟ್ಟು, ಉಜ್ಜಿ ಬಿಡಿಸಿ ಬಿಸಿಬಿಸಿ ಕೊಡುತ್ತಾರೆ. ರೈತರು ಹೊಲದಲ್ಲೇ ಪೂಜೆ ಮಾಡಿ ಉಣ್ಣುವ ಹಬ್ಬ ಎಳ್ಳ ಅಮಾವಾಸ್ಯೆ, ಅದರ ಸುತ್ತ ಹೋದರೆ ಇನ್ನೂ ಒಳ್ಳೇದು.

ಕೋಟೆಯಲ್ಲಿ ನೆರಳಿಗಿಂತ ಬಯಲೇ ಜಾಸ್ತಿ. ಅದನ್ನು 9ಕ್ಕೆ ಶುರುಮಾಡಿ, 12ರೊಳಗೆ ಮುಗಿಸಿ. ಆ ಹೊತ್ತಿಗೆ ಸ್ವೆಟರ್ ಸೊಂಟಕ್ಕೆ ಬಂದಿರುತ್ತದೆ, ಟೋಪಿ ಬೇಕಾಗುತ್ತದೆ. ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್ ಕಟ್ಟಿಸಿದ 1472ರ ಮದರಸಾ ಹತ್ತಿರದಲ್ಲೇ ಇದೆ. ಊರ ಹೊರಗೆ ಅಷ್ಟೂರಿನಲ್ಲಿರುವ ಆ ಸುಲ್ತಾನರ ಗೋರಿ ಗುಮ್ಮಟಗಳನ್ನು ಮಾತ್ರ ಸಂಜೆ 4ಕ್ಕೆ ಇಟ್ಟುಕೊಳ್ಳಿ, ಜನ ಕಡಿಮೆ. ನನಗೆ ಗದ್ದಲ ಆಗಲ್ಲ, ಅದಕ್ಕೇ ಅಲ್ಲಿ ಎರಡು ಗಂಟೆ ಸುಮ್ನೆ ಕೂತೆ. ಆದರೆ 6ಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಹೊಲದ ಮೇಲಿಂದ ಗಾಳಿ ಏಳುತ್ತದೆ. ವಾಪಸ್ ಬರುವ ಆಟೋಗೆ ಬಾಗಿಲು ಇರಲ್ಲ. ಮಫ್ಲರ್ ಬ್ಯಾಗಿನ ತಳದಲ್ಲಿ ಅಲ್ಲ, ಕೈಗೆ ಸಿಗುವಂತೆ ಮೇಲೇ ಇಡಿ.