ಅಟ್ಟದ ಮೇಲಿನ ಸ್ಟಾಂಪು ಮತ್ತೆ "ಇದಕ್ಕೆಷ್ಟು ಸಿಗುತ್ತೆ?" ಅನ್ನೋ ಪ್ರಶ್ನೆ

ನಾನು ಹಳೇ ಸ್ಟಾಂಪ್ ಕೂಡಿಡ್ತೀನಿ ಅನ್ನೋದು ನಮ್ಮ ಕೊಡಗಿನಲ್ಲಿ ಗೊತ್ತಾದ ಮೇಲೆ ಮದುವೆಗೆ ಹೋದ್ರೂ ಅಷ್ಟೇ, ತಿಥಿ ಊಟಕ್ಕೆ ಹೋದ್ರೂ ಅಷ್ಟೇ, ಯಾರಾದ್ರೂ ಒಬ್ರು ಪಕ್ಕಕ್ಕೆ ಕರ್ಕೊಂಡೋಗಿ ಫೋನಲ್ಲಿ ಒಂದು ಫೋಟೋ ತೋರಿಸ್ತಾರೆ. ಫೋಟೋದಲ್ಲಿ ಮುಕ್ಕಾಲು ಪಾಲು ಸಲ ಇರೋದು ಅದೇ, ವಿಕ್ಟೋರಿಯಾ ರಾಣಿ ತಲೆ ಇರೋ ಹಸಿರು ಅರ್ಧ ಆಣೆ, ಇಲ್ಲಾಂದ್ರೆ ಆರನೇ ಜಾರ್ಜ್ ಮುಖದ್ದು ಒಂದಷ್ಟು. "ನೂರು ವರ್ಷ ಹಳೇದು, ಎಷ್ಟು ಸಿಗಬಹುದು?" ಅಂತಾರೆ. ಹತ್ತಿಪ್ಪತ್ತು ರೂಪಾಯಿ ಸಿಕ್ಕಿದ್ರೆ ಪುಣ್ಯ ಅಂದ್ರೆ ಮುಖ ಸಣ್ಣದಾಗುತ್ತೆ, ಕೆಲವರಿಗಂತೂ ನಾನು ಕಮ್ಮಿ ರೇಟಿಗೆ ಹೊಡೀಲಿಕ್ಕೆ ನೋಡ್ತಿದೀನಿ ಅನ್ನೋ ಡೌಟು ಬೇರೆ. ಅದಕ್ಕೇ ಒಂದ್ಸಲ ಎಲ್ಲಾ ಬರೆದು ಹಾಕಿಬಿಡೋಣ ಅನ್ನಿಸ್ತು, ಇನ್ಮುಂದೆ ಯಾರಾದ್ರೂ ಕೇಳಿದ್ರೆ ಲಿಂಕ್ ಕಳಿಸಿ ನಾನು ಪಂದಿಕರಿ ಕಡೆ ಗಮನ ಕೊಡಬಹುದು.

ಮೊದಲನೇದು, ಹಳೇದು ಅಂದ ಮಾತ್ರಕ್ಕೆ ಬೆಲೆ ಇಲ್ಲ. ಜಗತ್ತಿನ ಮೊಟ್ಟಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್, 1840ರದ್ದು, ಅದೇ ಆರೂವರೆ ಕೋಟಿಗಿಂತ ಜಾಸ್ತಿ ಪ್ರಿಂಟ್ ಆಗಿತ್ತು, ಇವತ್ತಿಗೂ ದುಡ್ಡಿದ್ರೆ ಯಾರು ಬೇಕಾದ್ರೂ ಒಂದು ತಗೋಬಹುದು. ನಮ್ಮಲ್ಲಿ 1920ರ ದಶಕದ ನಡುವೆ ನಾಸಿಕದ ಪ್ರೆಸ್ ಶುರುವಾಯ್ತು, ಅದಕ್ಕೂ ಮುಂಚೆ ಲಂಡನ್ನಿನ ಡಿ ಲಾ ರೂ ಕಂಪನಿಯಿಂದ ಬರ್ತಿತ್ತು, ಎರಡೂ ಕಡೆ ದಿನಬಳಕೆಯ ಸಣ್ಣ ಬೆಲೆ ಸ್ಟಾಂಪನ್ನ ಕೋಟಿಗಟ್ಟಲೆ ಹೊಡೆದಿದ್ದಾರೆ. ಆ ಕಾಲದಲ್ಲಿ ಫೋನ್ ಇಲ್ಲ ಏನಿಲ್ಲ, ಎಲ್ಲಾ ಕಾಗದದಲ್ಲೇ, ಹಾಗಾಗಿ ಉಳ್ಕೊಂಡಿರೋದೂ ರಾಶಿ.

ತಪ್ಪಾಗಿ ಪ್ರಿಂಟಾಗಿದ್ರೆ ಕೋಟಿ ಸಿಗುತ್ತಂತೆ ಅಂತ ಇನ್ನೊಂದು ನಂಬಿಕೆ ಇದೆ. ಅದೂ ಅರ್ಧ ಸತ್ಯ. 1949ರಲ್ಲಿ ನಮ್ಮ ಸ್ಮಾರಕಗಳ ಸರಣಿ ಬಂತಲ್ಲ, ಆರು ಆಣೆದ್ರಲ್ಲಿ ವಿಜಯಪುರದ ಗೋಲಗುಮ್ಮಟ ಇದೆಯಲ್ಲ ಅದೇ ಸರಣಿ, ಅದರ ಒಂದಾಣೆ ಸ್ಟಾಂಪಲ್ಲಿ ಬೋಧಿಸತ್ವನ ಚಿತ್ರ ಉಲ್ಟಾ ಆಗಿಬಿಟ್ಟಿತ್ತು, ಎಡಗೈ ಬಲಗೈ ಅದಲು ಬದಲು. 1950ರಲ್ಲಿ ಸರಿ ಮಾಡಿ ಮತ್ತೆ ಹೊಡೆದ್ರು. ಆದ್ರೆ ಆ ತಪ್ಪು ಸ್ಟಾಂಪು ಅಷ್ಟೊತ್ತಿಗೆ ಊರೂರಿಗೆ ಹೋಗಿ ಆಗಿತ್ತು, ಹಾಗಾಗಿ ಇವತ್ತೂ ಸುಲಭಕ್ಕೆ ಸಿಗುತ್ತೆ. ಅದೇ 1854ರ ನಾಲ್ಕಾಣೆಯಲ್ಲಿ ರಾಣಿ ತಲೆ ತಲೆಕೆಳಗಾಗಿರೋದು ಬೆರಳೆಣಿಕೆಯಷ್ಟು ಉಳಿದಿದೆ, ಅದಕ್ಕೆ ಲೆಕ್ಕವೇ ಬೇರೆ. ತಪ್ಪು ಇದೆಯಾ ಅನ್ನೋದಕ್ಕಿಂತ ಎಷ್ಟು ಉಳಿದಿದೆ ಮತ್ತು ಎಷ್ಟು ಜನಕ್ಕೆ ಬೇಕು, ಇಷ್ಟೇ.

ಇನ್ನು ಗಾಂಧಿ ಸ್ಟಾಂಪು. 1948 ಆಗಸ್ಟ್ 15ಕ್ಕೆ ಬಂದ ನಾಲ್ಕು ಸ್ಟಾಂಪಿನ ಸೆಟ್, ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡಾಣೆ, ಮತ್ತೆ ಹತ್ತು ರೂಪಾಯಿ, ಸ್ವಿಟ್ಜರ್ಲೆಂಡಿನಲ್ಲಿ ಪ್ರಿಂಟ್ ಮಾಡಿಸಿದ್ದು (ಖಾದಿ ಅಜ್ಜನ ಸ್ಟಾಂಪನ್ನ ವಿದೇಶದಲ್ಲಿ ಮಾಡಿಸಿದ್ರಲ್ಲ ಅಂತ ಆಗ್ಲೂ ನಗು ಬಂದಿರಬೇಕು ಯಾರಿಗಾದ್ರೂ). ಹತ್ತು ರೂಪಾಯಿ ಅಂದ್ರೆ ಆಗ ದೊಡ್ಡ ದುಡ್ಡು, ಕಾಗದಕ್ಕೆ ಅಂಟಿಸೋರು ಎಷ್ಟು ಜನ? ಅದಕ್ಕೇ ಬಳಸದೇ ಇರೋ ಚೊಕ್ಕ ಹತ್ತು ರೂಪಾಯಿದ್ದಕ್ಕೆ ಇವತ್ತು ಸಾವಿರಗಟ್ಟಲೆ, ಒಂದೂವರೆ ಆಣೆದಕ್ಕೆ ಚಿಲ್ಲರೆ. ಇದೇ ಸೆಟ್ಟಿನ ಮೇಲೆ ಗವರ್ನರ್ ಜನರಲ್ ಆಫೀಸಿಗೆ ಅಂತ "ಸರ್ವಿಸ್" ಅಂತ ಹೊಡೆದದ್ದು ಬರೀ 100 ಸೆಟ್. ಅದರ ಹತ್ತು ರೂಪಾಯಿದು ನಾಲ್ಕು ಒಟ್ಟಿಗೆ ಇದ್ದ ಪಟ್ಟಿ 2017ರಲ್ಲಿ ಐದು ಲಕ್ಷ ಪೌಂಡಿಗೆ ಹೋಯ್ತು. ಆ ಸುದ್ದಿ ಬಂದ ಮೇಲೆ ಎಲ್ಲರ ಮನೆಯ ಗಾಂಧಿ ಸ್ಟಾಂಪಿಗೂ ಐದು ಲಕ್ಷ ಆಗಿಬಿಡ್ತು, ವಾಟ್ಸಾಪಲ್ಲಿ.

ವಾಟ್ಸಾಪ್ ಅಂದ ಮೇಲೆ ಇದೂ ಹೇಳಿಬಿಡ್ತೀನಿ. "ಹಳೇ ನಾಣ್ಯ, ನೋಟು, ಸ್ಟಾಂಪ್ ಇದ್ರೆ ಲಕ್ಷ ಕೊಡ್ತೀವಿ, ಮೊದಲು ರಿಜಿಸ್ಟ್ರೇಷನ್ ಫೀಸ್ ಕಳಿಸಿ" ಅಂತ ಬರುತ್ತಲ್ಲ, ಪೂರ್ತಿ ಮೋಸ. ಹಳೇ ನೋಟು ನಾಣ್ಯದ ವಿಷಯದಲ್ಲಿ ತಮ್ಮ ಹೆಸರು ಹೇಳ್ಕೊಂಡು ಕಮಿಷನ್ ಕೇಳ್ತಾರೆ, ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಹೇಳಿತ್ತು. ನಿಮ್ಮ ವಸ್ತು ತಗೊಳ್ಳೋರು ನಿಮಗೆ ದುಡ್ಡು ಕೊಡಬೇಕೇ ಹೊರತು ನೀವು ಅವರಿಗಲ್ಲ.

ಇನ್ನೊಂದು ಕೊಡಗಿಗೇ ಸ್ಪೆಷಲ್. "ನಮ್ಮ ಐನ್‌ಮನೆಯಲ್ಲಿ (ಮನೆತನದ ಮೂಲ ಮನೆ) ಕೊಡಗಿನ ರಾಜರ ಕಾಲದ ಸ್ಟಾಂಪ್ ಇದೆ" ಅಂತಾರೆ. ಇರಲಿಕ್ಕೆ ಸಾಧ್ಯವೇ ಇಲ್ಲ. ಚಿಕ್ಕವೀರರಾಜನನ್ನ ಇಳಿಸಿ ಬ್ರಿಟಿಷರು ಕೊಡಗು ತಗೊಂಡಿದ್ದು 1834ರಲ್ಲಿ, ಪೆನ್ನಿ ಬ್ಲ್ಯಾಕ್ ಬಂದಿದ್ದು ಅದಾಗಿ ಆರು ವರ್ಷಕ್ಕೆ, ನಮ್ಮ ದೇಶದ ಮೊದಲ ಸ್ಟಾಂಪು ಸಿಂಧ್ ಡಾಕ್ 1852ರಲ್ಲಿ. ಕೊಡಗಿನ ರಾಜರಿಗೆ ಸ್ಟಾಂಪ್ ಅನ್ನೋದೇ ಗೊತ್ತಿರಲಿಲ್ಲ. ಪಕ್ಕದ ಮೈಸೂರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ಸ್ವಂತ ಅಂಚೆ ಇತ್ತು, 1889ರಲ್ಲಿ ಅದು ಬ್ರಿಟಿಷ್ ಅಂಚೆ ಜೊತೆ ಸೇರ್ತು, ಅವರೂ ಅಂಚೆಚೀಟಿ ಮಾಡಿರಲಿಲ್ಲ. ಹಾಗಾಗಿ ಹಳೇ ಪೆಟ್ಟಿಗೆಯಲ್ಲಿ ಗಂಡಭೇರುಂಡ ಇರೋ ಚೀಟಿ ಸಿಕ್ರೆ ಅದು ಕೋರ್ಟ್ ಫೀಸೋ ರೆವೆನ್ಯೂವೋ ಇರುತ್ತೆ, ಅದನ್ನ ಸೇರಿಸೋರು ಬೇರೆ ಇದ್ದಾರೆ. ಶಂಖ ಇರೋದು ಸಿಕ್ರೆ ತಿರುವಾಂಕೂರಿಂದು, ಅವರು ಸ್ವಂತ ಸ್ಟಾಂಪ್ ಮಾಡಿದ್ರು, ಕೊಚ್ಚಿಯವರೂ ಮಾಡಿದ್ರು.

ಈಗ ನಮ್ಮ ದೊಡ್ಡ ಶತ್ರುವಿನ ವಿಷಯ, ಮಳೆ. ಸ್ಟಾಂಪಿನ ಬೆಲೆ ಅದರ ಕಂಡೀಷನ್ ಮೇಲೆ ನಿಂತಿರುತ್ತೆ, ಸುತ್ತ ಇರೋ ಹಲ್ಲು ಪೂರ್ತಿ ಇರಬೇಕು, ಹಿಂದೆ ಎಲ್ಲೂ ತೆಳುವಾಗಿರಬಾರದು, ಬಳಸದೇ ಇರೋದಾದ್ರೆ ಗೋಂದು ಹಾಗೇ ಇರಬೇಕು, ಮತ್ತೆ ಮುಖ್ಯವಾಗಿ ಕಂದು ಚುಕ್ಕೆ ಇರಬಾರದು. ಕಕ್ಕಡ ತಿಂಗಳಲ್ಲಿ ಬಟ್ಟೆನೇ ಒಣಗಲ್ಲ, ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಇನ್ನು ನೂರು ವರ್ಷದ ಕಾಗದ ಏನು ಮಾಡುತ್ತೆ ಪಾಪ. ಸಣ್ಣ ತುಕ್ಕಿನ ಥರ ಚುಕ್ಕೆ ಶುರುವಾಗಿ ಪೂರ್ತಿ ಹರಡುತ್ತೆ, ಒಂದರಿಂದ ಪಕ್ಕದ್ದಕ್ಕೂ. ಬಳಸದ ಸ್ಟಾಂಪುಗಳು ಗೋಂದಿನಿಂದ ಒಂದಕ್ಕೊಂದು ಅಂಟಿ ಬಿಲ್ಲೆ ಆಗಿಬಿಡುತ್ತೆ. ಮಡಿಕೇರಿ, ಭಾಗಮಂಡಲ ಕಡೆ ಮನೆಗಳಲ್ಲಿ ನಾನು ನೋಡಿದ ಆಲ್ಬಂಗಳಲ್ಲಿ ಹೆಚ್ಚಿನವು ಹೀಗೇ ಹಾಳಾಗಿವೆ, ಕುಶಾಲನಗರ ಕಡೆ ಸ್ವಲ್ಪ ವಾಸಿ, ಮಳೆ ಕಮ್ಮಿ ಅಲ್ವಾ. 2018ರಲ್ಲಿ ಗುಡ್ಡ ಕುಸಿದು ಮನೆಗೆ ಮನೆಯೇ ಹೋದವರ ಮುಂದೆ ಇದನ್ನೆಲ್ಲಾ ಹೇಳಲಿಕ್ಕೂ ಆಗಲ್ಲ ಬಿಡಿ.

ಹಾಗಾಗಿ ಅಟ್ಟದಿಂದ ಇಳಿಸಿ, ನೆಲಕ್ಕೆ ತಾಗದ ಹಾಗೆ ಒಳಗಿನ ಗೋಡೆಯ ಬೀರುವಿನಲ್ಲಿ ಇಡಿ. ಸ್ಟಾಕ್‌ಬುಕ್ ಅಂತ ಸಿಗುತ್ತೆ, ಸ್ಟಾಂಪನ್ನ ಅಂಟಿಸದೆ ಸಿಕ್ಕಿಸಿಡೋ ಪುಸ್ತಕ, ಅದನ್ನ ಮಲಗಿಸದೆ ನಿಲ್ಲಿಸಿ ಇಡಬೇಕು, ಒತ್ತಡ ಬಿದ್ರೆ ಅಂಟುತ್ತೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಡಿಸೆಂಬರ್ ಜನವರಿ ಬಿಸಿಲಿನ ದಿನಗಳಲ್ಲಿ ನೆರಳಲ್ಲಿ ತೆರೆದು ಗಾಳಿಯಾಡಿಸಿ. ನೇರ ಬಿಸಿಲಿಗೆ ಬೇಡ, ಬಣ್ಣ ಹೋಗುತ್ತೆ. ಹೊಗೆ ತಾಗಿದ್ರೆ ಹುಳ ಬರಲ್ಲ ಅಂತ ಒಲೆ ಮೇಲಿನ ಅಟ್ಟದಲ್ಲಿ ಇಟ್ಟವರಿದ್ದಾರೆ, ಹುಳ ಬರಲಿಲ್ಲ ನಿಜ, ಸ್ಟಾಂಪೆಲ್ಲಾ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಲ್ಯಾಮಿನೇಷನ್ ಅಂತೂ ದಯವಿಟ್ಟು ಬೇಡ. ಸೆಲ್ಲೋಟೇಪೂ ಬೇಡ.

ಇಷ್ಟೆಲ್ಲಾ ಹೇಳಿ ಅಸಲು ವಿಷಯಕ್ಕೆ ಈಗ ಬರ್ತಿದೀನಿ. ಕೊಡಗಿನ ಮನೆಗಳಲ್ಲಿ ನಿಜವಾಗ್ಲೂ ಬೆಲೆ ಬಾಳೋದು ಏನಾದ್ರೂ ಇದ್ರೆ ಅದು ಬಿಡಿ ಸ್ಟಾಂಪಲ್ಲ, ಪೂರ್ತಿ ಕವರು. ಶಾಲೆಯಲ್ಲಿ ನಮಗೆಲ್ಲಾ ಹೇಳಿಕೊಟ್ಟಿದ್ದೇ ಸ್ಟಾಂಪನ್ನ ಕತ್ತರಿಸು, ನೀರಲ್ಲಿ ನೆನೆಸು, ಬಿಡಿಸು, ಅಂಟಿಸು ಅಂತ. ಮಾಮೂಲಿ ಕವರಿಗೆ ಅದು ಸರಿ, ತಣ್ಣೀರಲ್ಲಿ ಕಾಲು ಗಂಟೆ ಬಿಟ್ರೆ ತಾನೇ ಜಾರಿ ಬರುತ್ತೆ, ಕೆಂಪು ಬಣ್ಣದ ಕವರಾಗಿದ್ರೆ ಮಾತ್ರ ಬೇರೆ ಹಾಕಿ, ಬಣ್ಣ ಬಿಡುತ್ತೆ. ಆದ್ರೆ 1950ರ ಹಿಂದಿನ ಕಾಗದವಾದ್ರೆ ಕತ್ತರಿ ಮುಟ್ಟಲೇಬೇಡಿ. ಯಾಕಂದ್ರೆ ಆ ಅರ್ಧ ಆಣೆ ಸ್ಟಾಂಪ್ ಕೋಟಿಗಟ್ಟಲೆ ಇದೆ, ಆದ್ರೆ ಮರ್ಕೆರಾ (ಈಗಿನ ಮಡಿಕೇರಿ) ಅಂತಲೋ ಫ್ರೇಸರ್‌ಪೇಟ್ ಅಂತಲೋ (ಈಗಿನ ಕುಶಾಲನಗರ) ಪೊಲ್ಲಿಬೆಟ್ಟ ಅಂತಲೋ ತಾರೀಖಿನ ಜೊತೆ ಸೀಲು ಸ್ಪಷ್ಟವಾಗಿ ಬಿದ್ದಿರೋ ಕವರು ಕೋಟಿಗಟ್ಟಲೆ ಇಲ್ಲ. ಸಣ್ಣ ಊರಿನ ಪೋಸ್ಟಾಫೀಸು, ಕಾಗದವೇ ಕಮ್ಮಿ ಹೋಗ್ತಿತ್ತು, ಅದರಲ್ಲಿ ಮಳೆ ಗೆದ್ದಲು ದಾಟಿ ಉಳಿದದ್ದು ಇನ್ನೂ ಕಮ್ಮಿ. ಎಸ್ಟೇಟಿನ ಬಿಳಿ ದೊರೆಗಳು ಊರಿಗೆ ಬರೆದ ಕಾಗದಗಳು ಈಗ ಇಂಗ್ಲೆಂಡಿನ ಹರಾಜಿನಲ್ಲಿ ಬರ್ತವೆ, ನಮ್ಮದನ್ನ ನಾವು ಪೌಂಡ್ ಕೊಟ್ಟು ವಾಪಸ್ ತರಿಸ್ಕೋಬೇಕು. ಅವರು ಕತ್ತರಿಸಲಿಲ್ಲ ಅನ್ನೋದೇ ದೊಡ್ಡದು.

ಮತ್ತೆ ನಮ್ಮ ಮಿಲಿಟರಿ ಮನೆಗಳು. ಕೊಡಗಿನಲ್ಲಿ ಪ್ರತಿ ಒಕ್ಕದಲ್ಲೂ (ಮನೆತನ) ಯಾರಾದ್ರೊಬ್ರು ಸೈನ್ಯದಲ್ಲಿ ಇದ್ದವರೇ, ಅವರು ಮನೆಗೆ ಬರೆದ ಕಾಗದದಲ್ಲಿ ಒಂದು ಇತಿಹಾಸವೇ ಇದೆ. ಒಂದನೇ ಮಹಾಯುದ್ಧಕ್ಕೆ ಹೋದವರಿಗೆ ಅಂತ ಐದನೇ ಜಾರ್ಜ್ ಸ್ಟಾಂಪಿನ ಮೇಲೆ ಐ.ಇ.ಎಫ್. (ಇಂಡಿಯನ್ ಎಕ್ಸ್‌ಪೆಡಿಷನರಿ ಫೋರ್ಸ್) ಅಂತ 1914ರಲ್ಲಿ ಹೊಡೆದಿದ್ರು. 1953ರಲ್ಲಿ ಕೊರಿಯಾ ಯುದ್ಧ ನಿಂತ ಮೇಲೆ ಕೈದಿಗಳನ್ನ ನೋಡ್ಕೊಳ್ಳಲಿಕ್ಕೆ ನಮ್ಮ ಸೈನ್ಯ ಹೋಯ್ತಲ್ಲ, ಆ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೇ, ಅಲ್ಲಿದ್ದವರಿಗೆ ಅದೇ ಸ್ಮಾರಕ ಸರಣಿಯ ಸ್ಟಾಂಪಿನ ಮೇಲೆ ಹಿಂದಿಯಲ್ಲಿ "ಭಾರತೀಯ ಸಂರಕ್ಷಾ ಕಟಕ ಕೊರಿಯಾ" ಅಂತ ಹೊಡೆದು ಕೊಟ್ಟಿದ್ರು. ಆಮೇಲೆ ಇಂಡೋಚೈನಾಕ್ಕೆ ಹೋದವರಿಗೆ ಒಂದು, 1962ರಲ್ಲಿ ಕಾಂಗೋಗೆ ಹೋದವರಿಗೆ ಒಂದು, 1965ರಲ್ಲಿ ಗಾಜಾದಲ್ಲಿದ್ದವರಿಗೆ ನೆಹರೂ ಸ್ಟಾಂಪಿನ ಮೇಲೆ ಒಂದು. ಈ ಸ್ಟಾಂಪುಗಳು ಬಳಸದೇ ಇರೋವು ಧಾರಾಳ ಸಿಗ್ತವೆ, ಏನೂ ದುಬಾರಿ ಅಲ್ಲ. ಆದ್ರೆ ಫೀಲ್ಡ್ ಪೋಸ್ಟಾಫೀಸ್ (ಸೈನ್ಯದ ಅಂಚೆ ಕಚೇರಿ) ಸೀಲು ಬಿದ್ದು, ನಿಜವಾಗ್ಲೂ ಒಬ್ಬ ಸೈನಿಕ ಬರೆದು, ಗೋಣಿಕೊಪ್ಪಕ್ಕೋ ನಾಪೋಕ್ಲಿಗೋ ಬಂದು ಮುಟ್ಟಿದ ಕವರು ಬೇಕು ಅಂದ್ರೆ ಹುಡುಕಬೇಕು. ಕವರಿನ ಹಿಂಬದಿಯಲ್ಲಿ ಊರಿನ ಪೋಸ್ಟಾಫೀಸಿನ ಸೀಲೂ ಇದ್ದು ಒಳಗೆ ಕಾಗದವೂ ಇದ್ರೆ ಇನ್ನೂ ಒಳ್ಳೇದು.

ಬೆಲೆ ತಿಳ್ಕೊಳ್ಳೋದು ಹೇಗೆ ಅಂದ್ರೆ, ಸ್ಟ್ಯಾನ್ಲಿ ಗಿಬ್ಬನ್ಸ್ ಅಂತ ಕ್ಯಾಟಲಾಗ್ ಇದೆ, ಭಾರತದ್ದೇ ಫಿಲಾ ಇಂಡಿಯಾ ಇದೆ, ಪ್ರತಿ ಸ್ಟಾಂಪಿಗೂ ಅದರಲ್ಲಿ ನಂಬರ್ ಮತ್ತೆ ರೇಟ್. ಆದ್ರೆ ಆ ರೇಟು ನಿಮ್ಮ ಕೈಗೆ ಬರೋ ರೇಟಲ್ಲ. ಪೇಪರಲ್ಲಿ ಕಾಫಿ ರೇಟ್ ಒಂದಿರುತ್ತೆ, ವ್ಯಾಪಾರಿ ಹತ್ರ ಚೀಲ ತಗೊಂಡೋದ್ರೆ ಔಟ್‌ಟರ್ನ್ (ಸಿಪ್ಪೆ ಹೋಗಿ ಎಷ್ಟು ಬೀಜ ಸಿಗುತ್ತೆ ಅಂತ) ನೋಡಿ ಮಾಯಿಶ್ಚರ್ ನೋಡಿ ಕೊಡೋದೇ ಬೇರೆ ಇರುತ್ತಲ್ಲ, ಅದೇ ಲೆಕ್ಕ. ಗಿಬ್ಬನ್ಸ್‌ನಲ್ಲಿರೋದು ಚೊಕ್ಕ ಪೀಸನ್ನ ಅಂಗಡಿಯವರು ಮಾರೋ ಬೆಲೆ, ಕೊಳ್ಳೋ ಬೆಲೆಯಲ್ಲ. ಇಂಟರ್‌ನೆಟ್ಟಲ್ಲಿ ನೋಡೋದಾದ್ರೂ ಯಾರೋ ಹತ್ತು ಲಕ್ಷ ಅಂತ ಹಾಕಿರೋದನ್ನ ನೋಡಬೇಡಿ, ಬಾಯಿಗೆ ಬಂದ ರೇಟ್ ಹಾಕಲಿಕ್ಕೆ ದುಡ್ಡು ಕೊಡಬೇಕಾ, ಈಬೇಯಲ್ಲಿ "ಸೋಲ್ಡ್" ಅಂತ ಫಿಲ್ಟರ್ ಹಾಕಿ ನಿಜವಾಗಿ ಎಷ್ಟಕ್ಕೆ ಹೋಯ್ತು ನೋಡಿ. ಸಿಂಧ್ ಡಾಕ್ ಸಿಕ್ತು ಅನ್ನೋರು ಮೊದಲು ನಕಲು ಅಂತಲೇ ಅಂದ್ಕೊಳ್ಳಿ, ಅದರ ನಕಲಿಗೆ ಲೆಕ್ಕವಿಲ್ಲ. ನಿಜವಾಗ್ಲೂ ದೊಡ್ಡ ಮೊತ್ತದ್ದು ಅನ್ನಿಸಿದ್ರೆ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂಥವರ ಸರ್ಟಿಫಿಕೇಟ್ ಬೇಕು, ಅದಕ್ಕೆ ಖರ್ಚಿದೆ, ಸಾಧಾರಣ ಸ್ಟಾಂಪಿಗೆ ಆ ಖರ್ಚು ಗಿಟ್ಟಲ್ಲ. ಸುಮ್ನೆ ಯಾರಾದ್ರೂ ನೋಡಿ ಹೇಳಿದ್ರೆ ಸಾಕು ಅನ್ನೋರು ಬೆಂಗಳೂರಿನ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯವರನ್ನ ಕೇಳಬಹುದು, ಇಲ್ಲಾ ಅಂಚೆ ಇಲಾಖೆಯ ಕರ್ನಾಪೆಕ್ಸ್ ಪ್ರದರ್ಶನ ನಡೆದಾಗ ಹೋಗಿ ನಾಲ್ಕು ಡೀಲರುಗಳಿಗೆ ತೋರಿಸಿ. ಒಬ್ಬರಿಗೆ ಮಾತ್ರ ತೋರಿಸಿ ಅಲ್ಲೇ ಕೊಟ್ಟುಬಿಡಬೇಡಿ, ನನಗೂ ಸೇರಿಸೇ ಹೇಳ್ತಿದೀನಿ.

ನಾನೇನು ಸೇರಿಸ್ತೀನಿ ಅಂತ ಕೇಳ್ತಾರೆ. ಈಗೀಗ ಕೊಡಗಿಗೆ ಸಂಬಂಧಪಟ್ಟಿದ್ದು ಮಾತ್ರ. 1995ರ ಕಾರ್ಯಪ್ಪನವರ ಸ್ಟಾಂಪಿದೆ. 2017ರಲ್ಲಿ ಬೆಂಗಳೂರಲ್ಲಿ ಬಿಡುಗಡೆಯಾದ ಕಾಫಿ ವಾಸನೆಯ ನೂರು ರೂಪಾಯಿ ಸ್ಟಾಂಪಿದೆ, ವಾಸನೆ ಹೋಗಿ ಆಯ್ತು, ಈಗ ಬರೀ ಬೀರುವಿನ ವಾಸನೆ. ನನ್ನ ಫೇವರಿಟ್ ಮಾತ್ರ ಸೈಪ್ರಸ್ಸಿನದ್ದು. ತಿಮ್ಮಯ್ಯನವರು ಅಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ 1965ರ ಡಿಸೆಂಬರಲ್ಲಿ ತೀರಿಕೊಂಡ್ರು, ಮಾರನೇ ವರ್ಷ ಸೈಪ್ರಸ್ ಅವರ ಚಿತ್ರ ಹಾಕಿ 50 ಮಿಲ್ಸ್ ಬೆಲೆಯ ಸ್ಟಾಂಪ್ ತಂತು. ಮಡಿಕೇರಿಯಲ್ಲಿ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ, ಅಲ್ಲಿಗೆ ಹೋಗಿ ಬಂದವರಲ್ಲೂ ಎಷ್ಟೋ ಜನಕ್ಕೆ ಈ ಸ್ಟಾಂಪಿನ ವಿಷಯ ಗೊತ್ತಿಲ್ಲ. ಬೆಲೆ? ಒಂದು ಪ್ಲೇಟ್ ಬಿರಿಯಾನಿಗಿಂತ ಕಮ್ಮಿ. ಮಾರಲಿಕ್ಕೆ ಹೋದ್ರೆ ಅಷ್ಟೂ ಬರಲ್ಲ, ನಾನು ಮಾರಲ್ಲ ಅನ್ನೋದು ಬೇರೆ ಮಾತು.

ಈಗ ನನ್ನ ಹುಡುಕಾಟ ಕೊರಿಯಾದಿಂದ ಕೊಡಗಿಗೆ ಬಂದ ಕವರಿಗೆ. ನಿಮ್ಮ ತಾತಂದೋ ಮಾವಂದೋ ಟ್ರಂಕಲ್ಲಿ ಇದ್ರೆ ಎರಡೂ ಬದಿಯ ಫೋಟೋ ತೆಗೆದು ಕಳಿಸಿ, ಕೊಡೋದು ಬೇಡ, ನೋಡಿದ್ರೆ ಸಾಕು, ಯಾವ ಫೀಲ್ಡ್ ಪೋಸ್ಟಾಫೀಸ್ ನಂಬರು, ಎಷ್ಟು ದಿನಕ್ಕೆ ಊರು ಮುಟ್ಟಿದೆ ಅಂತ ಬರ್ಕೋತೀನಿ. ಒಳಗಿನ ಕಾಗದ ಮನೆ ವಿಷಯ, ಅದರ ಫೋಟೋ ಕಳಿಸಬೇಡಿ.